ಸಾವಿನ ಹಾಸಿಗೆ, ಹಸಿರು ಲಾಂಛನ: ಡೇವಿಡ್ ಕರ್ಬಿ ಚಿತ್ರದ ಪ್ರಕರಣ

1990ರ ಮೇ ತಿಂಗಳಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ತೆಗೆದ ಒಂದು ಕಪ್ಪು-ಬಿಳುಪು ಚಿತ್ರ ಅದೇ ವರ್ಷದ ನವೆಂಬರ್‌ನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡು ವರ್ಷ ತುಂಬುವ ಮೊದಲೇ ಅದೇ ಚಿತ್ರ ಮೈಗೆ ಬಣ್ಣ ಬಳಿಸಿಕೊಂಡು, ಬದಿಯಲ್ಲೊಂದು ಹಸಿರು ಲಾಂಛನ ಹೊತ್ತು, ಇಟಲಿಯ ಉಡುಪು ಕಂಪನಿ ಬೆನೆಟನ್‌ನ ಜಾಹೀರಾತಾಗಿ ದೇಶದೇಶಗಳಲ್ಲಿ ಕಾಣಿಸಿಕೊಂಡಿತು. ಚಿತ್ರದಲ್ಲಿ ಏಡ್ಸ್‌ನಿಂದ ಸಾಯುತ್ತಿರುವ ಮೂವತ್ತೆರಡರ ಯುವಕ ಡೇವಿಡ್ ಕರ್ಬಿ ಇದ್ದಾನೆ. ಅವನ ತಲೆಗೆ ತನ್ನ ತಲೆ ತಾಗಿಸಿ ಅಪ್ಪಿಕೊಂಡಿರುವ ತಂದೆ ಇದ್ದಾನೆ. ಪಕ್ಕದಲ್ಲಿ ಸಹೋದರಿ ಮತ್ತು ಮನೆಯ ಚಿಕ್ಕ ಹುಡುಗಿ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದಾರೆ. ಜಾಹೀರಾತಿನಲ್ಲಿ ಸ್ವೆಟರ್ ಇರಲಿಲ್ಲ, ಬೆಲೆ ಇರಲಿಲ್ಲ, ಕಂಪನಿಯ ಹೆಸರಿನ ಹೊರತು ಓದುವುದಕ್ಕೆ ಏನೂ ಇರಲಿಲ್ಲ.

ಡಾಕ್ಯುಮೆಂಟರಿ ಛಾಯಾಗ್ರಾಹಕರು ಜಾಹೀರಾತಿನ ಕೆಲಸಕ್ಕೆ ಇಳಿಯಬಹುದೆ ಎಂಬ ಚರ್ಚೆ ಎದ್ದಾಗಲೆಲ್ಲ ಅದು ಬಹುಬೇಗ ಹೊಟ್ಟೆಪಾಡು ಮತ್ತು ಆತ್ಮಸಾಕ್ಷಿಯ ನಡುವಿನ ಜಗಳವಾಗಿಬಿಡುತ್ತದೆ. ಒಬ್ಬರು ಬಾಡಿಗೆ ಕಟ್ಟಬೇಕಲ್ಲ ಎನ್ನುತ್ತಾರೆ, ಇನ್ನೊಬ್ಬರು ಮಾರಿಕೊಂಡೆ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕರ್ಬಿ ಪ್ರಕರಣವನ್ನು ನಾನು ಆರಿಸಿಕೊಂಡಿರುವುದು ಅದಕ್ಕಾಗಿಯೇ. ಇಲ್ಲಿ ಛಾಯಾಗ್ರಾಹಕಿಯ ಸಂಪಾದನೆಯ ಪ್ರಶ್ನೆಯೇ ಏಳುವುದಿಲ್ಲ. ಈ ಚಿತ್ರಕ್ಕೆ ತಾನು ಹಣ ತೆಗೆದುಕೊಳ್ಳುವುದಿಲ್ಲ ಎಂದು ಆಕೆ ಹೇಳಿಕೊಂಡು ಬಂದಿದ್ದಾರೆ. ಹಣವನ್ನು ಬದಿಗಿಟ್ಟ ಮೇಲೂ ಏನು ಉಳಿಯುತ್ತದೆ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ನೋಡಬಹುದು.

ಚಿತ್ರ ತೆಗೆದವರು ಥೆರೆಸ್ ಫ್ರೇರ್. ಆಗ ಅವರು ಒಹಾಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಕೊಲಂಬಸ್‌ನಲ್ಲಿ ಏಡ್ಸ್ ರೋಗಿಗಳ ಕೊನೆಗಾಲದ ಆರೈಕೆಗೆಂದಿದ್ದ ಪೇಟರ್ ನೋಸ್ಟರ್ ಹೌಸ್‌ನಲ್ಲಿ ಸ್ವಯಂಸೇವಕಿಯಾಗಿದ್ದರು. ಕರ್ಬಿಯ ಪರಿಚಯವಾದದ್ದು ಅಲ್ಲೇ. ಕರ್ಬಿ ಏಡ್ಸ್ ರೋಗಿಗಳ ಪರವಾಗಿ ದನಿಯೆತ್ತಿದ್ದ ಕಾರ್ಯಕರ್ತ. ಫೋಟೊ ತೆಗೆಯಬಹುದೆ ಎಂದು ಫ್ರೇರ್ ಕೇಳಿದಾಗ ಅವನು ಒಪ್ಪಿದ. ಒಂದೇ ಷರತ್ತು ಹಾಕಿದ: ಸ್ವಂತ ಲಾಭಕ್ಕೆ ಬಳಸಕೂಡದು.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಏಡ್ಸ್‌ಗೆ ಮೊದಲ ಔಷಧವಾದ ಎಜೆಡ್‌ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ರೋಗಿಗಳನ್ನು ನಿಜವಾಗಿ ಬದುಕಿಸುವ, ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಸಂಯುಕ್ತ ಚಿಕಿತ್ಸೆ ಬಳಕೆಗೆ ಬಂದದ್ದು 1996ರ ಹೊತ್ತಿಗೆ. ನಡುವಿನ ವರ್ಷಗಳಲ್ಲಿ ರೋಗಕ್ಕಿಂತ ಹೆದರಿಕೆಯೇ ಜೋರಾಗಿ ಹರಡಿತ್ತು. ಆಸ್ಪತ್ರೆಯಲ್ಲಿ ಊಟದ ಪಟ್ಟಿ ಹಂಚುವ ಹೆಂಗಸು ಅದನ್ನು ಡೇವಿಡ್ ಕೈಗೆ ಕೊಡಲು ಒಪ್ಪದೆ ಬಾಗಿಲಲ್ಲೇ ನಿಂತು ಓದಿ ಹೇಳುತ್ತಿದ್ದಳೆಂದು ಹೆತ್ತವರು ಆಮೇಲೆ ನೆನಪಿಸಿಕೊಂಡಿದ್ದಾರೆ. ಮುಟ್ಟಿದರೆ ಬರುತ್ತದೆಂದು ಆಸ್ಪತ್ರೆಯವರೇ ನಂಬಿದ್ದ ಕಾಲದಲ್ಲಿ, ತಂದೆಯೊಬ್ಬ ಮಗನ ಮುಖಕ್ಕೆ ಮುಖವಿಟ್ಟು ಅಳುತ್ತಿರುವ ಚಿತ್ರಕ್ಕೆ ಇದ್ದ ಅರ್ಥ ಇಂದು ನೋಡುವವರಿಗೆ ಪೂರ್ತಿಯಾಗಿ ತಾಗಲಿಕ್ಕಿಲ್ಲ.

ಕರ್ಬಿ ತೀರಿಕೊಂಡದ್ದು ಮೇ 5ರಂದು. ಅಂದು ಫ್ರೇರ್ ಹೋಗಿದ್ದು ಕರ್ಬಿಯನ್ನು ನೋಡಲಲ್ಲ. ಆ ಕೇಂದ್ರದಲ್ಲಿ ಆರೈಕೆ ಮಾಡುತ್ತಿದ್ದ, ತಾನೂ ಎಚ್‌ಐವಿ ಪೀಡಿತನಾಗಿದ್ದ ಪೀಟಾ ಎಂಬುವವನನ್ನು ಕಾಣಲು. ಪೀಟಾ ಕರ್ಬಿಯ ಕೋಣೆಗೆ ಹೋದಾಗ ಫ್ರೇರ್ ಹೊರಗೇ ನಿಂತರು. ಡೇವಿಡ್‌ನ ತಾಯಿಯೇ ಹೊರಗೆ ಬಂದು, ಮನೆಯವರು ಕೊನೆಯ ವಿದಾಯ ಹೇಳುತ್ತಿರುವುದನ್ನು ಚಿತ್ರ ತೆಗೆಯಬೇಕೆಂದು ಕೇಳಿಕೊಂಡರು. ಒಳಗೆ ಹೋಗಿ ಒಂದು ಮೂಲೆಯಲ್ಲಿ ಅಲುಗಾಡದೆ ನಿಂತು ಕ್ಯಾಮೆರಾ ಒತ್ತಿದೆ ಎಂದು ಫ್ರೇರ್ ಹೇಳಿದ್ದಾರೆ. ಈ ವಿವರವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೇರೆಯವರ ಸಾವಿನ ಕೋಣೆಗೆ ಕ್ಯಾಮೆರಾ ಹೇಗೆ ಹೋಯಿತು ಎಂಬುದೇ ಇಂಥ ಚಿತ್ರಗಳ ಮೇಲಿನ ಮೊದಲ ಆಕ್ಷೇಪ. ಇಲ್ಲಿ ಬಾಗಿಲು ತೆರೆದವರು ಒಳಗಿದ್ದವರೇ.

‘ಲೈಫ್’ನಲ್ಲಿ ಬಂದ ಮೇಲೆ ಚಿತ್ರ ಹೆಸರು ಮಾಡಿತು. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಬಹುಮಾನವೂ ಸಿಕ್ಕಿತು. ಅಲ್ಲಿಯವರೆಗೂ ಎಲ್ಲವೂ ಸುದ್ದಿಚಿತ್ರವೊಂದು ನಡೆಯುವ ದಾರಿಯಲ್ಲೇ ಇತ್ತು.

ಬೆನೆಟನ್ ಕಡೆಯ ಕಥೆ ಬೇರೆ. ಕಂಪನಿಯ ಜಾಹೀರಾತುಗಳನ್ನು 1982ರಿಂದ ರೂಪಿಸುತ್ತಿದ್ದವರು ಛಾಯಾಗ್ರಾಹಕ ಒಲಿವಿಯೆರೊ ತೊಸ್ಕಾನಿ. ಉಡುಪನ್ನು ತೋರಿಸದೆ ಉಡುಪು ಮಾರಬಹುದು ಎಂಬುದು ಅವರ ಪಟ್ಟು. 1992ರಲ್ಲಿ ಅವರು ಹೊಸದಾಗಿ ಚಿತ್ರ ತೆಗೆಯುವುದನ್ನೇ ಬಿಟ್ಟು, ಸುದ್ದಿ ಛಾಯಾಗ್ರಾಹಕರು ತೆಗೆದ ಚಿತ್ರಗಳನ್ನು ಆರಿಸಿ ಜಾಹೀರಾತು ಮಾಡಿದರು. ಸಿಸಿಲಿಯ ಮಾಫಿಯಾ ಕೊಲೆಯದು ಫ್ರಾಂಕೊ ಜೆಕ್ಕಿನ್ ತೆಗೆದದ್ದು. ಮನುಷ್ಯನ ತೊಡೆಮೂಳೆ ಹಿಡಿದ ಸೈನಿಕನದು ಪ್ಯಾಟ್ರಿಕ್ ರಾಬರ್ಟ್ ತೆಗೆದದ್ದು. ಆ ಸಾಲಿನಲ್ಲೇ ಕರ್ಬಿಯ ಚಿತ್ರವೂ ಸೇರಿತು. ಅದನ್ನು ಸೂಚಿಸಿದವರು ಕಂಪನಿಯ ‘ಕಲರ್ಸ್’ ಪತ್ರಿಕೆಯ ಸಂಪಾದಕ, ವಿನ್ಯಾಸಕಾರ ಟಿಬೋರ್ ಕಾಲ್ಮನ್.

ಕೋರಿಕೆ ಬಂದಾಗ ಫ್ರೇರ್ ತಾವೊಬ್ಬರೇ ನಿರ್ಧರಿಸಲಿಲ್ಲ. ಕರ್ಬಿ ಕುಟುಂಬದವರಿಗೆ ವಿಷಯ ಮುಟ್ಟಿತು, ಅವರು ಒಪ್ಪಿದರು. ಬೆನೆಟನ್ ನಮ್ಮನ್ನು ಬಳಸಿಕೊಳ್ಳಲಿಲ್ಲ, ನಾವೇ ಬೆನೆಟನ್ನನ್ನು ಬಳಸಿಕೊಂಡೆವು ಎಂಬ ನಿಲುವನ್ನು ಕುಟುಂಬ ಕೊನೆಯವರೆಗೂ ಬಿಡಲಿಲ್ಲ. ಮಗ ಬಯಸಿದ್ದು ಜಗತ್ತು ನೋಡಲಿ ಎಂದು, ಜಗತ್ತು ನೋಡಿತು ಎಂಬುದು ಅವರ ವಾದ.

ಈ ಒಪ್ಪಿಗೆ ಸೌಜನ್ಯದ ಮಾತಷ್ಟೇ ಎಂದುಕೊಳ್ಳಬಾರದು. ಚಿತ್ರದ ಹಕ್ಕುಸ್ವಾಮ್ಯ ತೆಗೆದವರದು. ಆದರೆ ಚಿತ್ರದೊಳಗಿನ ಮುಖಗಳು ತೆಗೆದವರ ಆಸ್ತಿಯಲ್ಲ. ಸುದ್ದಿಯಾಗಿ ಅಚ್ಚು ಹಾಕಲು ಮುಖದ ಒಡೆಯರ ಸಹಿ ಬೇಕಾಗಿಲ್ಲ, ವ್ಯಾಪಾರಕ್ಕೆ ಬಳಸಲು ಬೇಕು. ಈ ವ್ಯತ್ಯಾಸ ಅಮೆರಿಕದಲ್ಲಿ ಹುಟ್ಟಿದ್ದೇ ಒಂದು ಜಾಹೀರಾತಿನಿಂದ ಎಂಬುದು ಸ್ವಾರಸ್ಯದ ಸಂಗತಿ. ನ್ಯೂಯಾರ್ಕ್ ರಾಜ್ಯದ ಅಬಿಗೇಲ್ ರಾಬರ್‌ಸನ್ ಎಂಬ ಯುವತಿಯ ಭಾವಚಿತ್ರವನ್ನು ಆಕೆಯನ್ನು ಕೇಳದೆ ಹಿಟ್ಟಿನ ಕಂಪನಿಯೊಂದು 25,000 ಪ್ರತಿಗಳ ಭಿತ್ತಿಪತ್ರದಲ್ಲಿ ಹಾಕಿತ್ತು. 1902ರಲ್ಲಿ ಮೇಲಿನ ನ್ಯಾಯಾಲಯ ಆಕೆಗೆ ಪರಿಹಾರವಿಲ್ಲ ಎಂದಿತು. ಜನ ಸಿಡಿದೆದ್ದರು. 1903ರಲ್ಲಿ ಶಾಸನಸಭೆ, ಜಾಹೀರಾತಿಗೆ ಮತ್ತು ವ್ಯಾಪಾರಕ್ಕೆ ಒಬ್ಬರ ಹೆಸರು, ಚಿತ್ರ ಬಳಸಬೇಕಾದರೆ ಲಿಖಿತ ಒಪ್ಪಿಗೆ ಬೇಕೆಂದು ಕಾನೂನು ಮಾಡಿತು. ಹಿಟ್ಟಿನ ಭಿತ್ತಿಪತ್ರಕ್ಕೆ ಸಲ್ಲುವ ನ್ಯಾಯ ಸಾವಿನ ಹಾಸಿಗೆಗೂ ಸಲ್ಲಬೇಕಲ್ಲವೆ? ಕರ್ಬಿಯ ಚಿತ್ರದಲ್ಲಿ ಸತ್ತವನು ಒಬ್ಬನೇ. ತಂದೆ, ಸಹೋದರಿ, ಆ ಹುಡುಗಿ ಬದುಕಿದ್ದವರು. ಪ್ರತಿಯೊಬ್ಬರ ಮುಖಕ್ಕೂ ಪ್ರತ್ಯೇಕ ಲೆಕ್ಕ.

ಇನ್ನು ಡೇವಿಡ್ ಹಾಕಿದ ಷರತ್ತು. ಯಾರ ಲಾಭ? ಚಿತ್ರ ತೆಗೆಯುವವಳ ಲಾಭ ಎಂದು ತಿಳಿದರೆ ಫ್ರೇರ್ ಅದನ್ನು ಅಕ್ಷರಶಃ ಪಾಲಿಸಿದರು. ಯಾರದೇ ಲಾಭ ಎಂದು ತಿಳಿದರೆ, ಉಡುಪು ಕಂಪನಿಯ ಹೆಸರಿರುವ ಪುಟ ಆ ಮಾತನ್ನು ಮುರಿಯಿತು. ಕೇಳೋಣವೆಂದರೆ ಮಾತು ಕೊಟ್ಟವನಿಲ್ಲ. ಇಂಥ ಕಡೆ ಅವನ ಬದುಕನ್ನು ನೋಡಿ ಊಹಿಸಬೇಕಾಗುತ್ತದೆ, ಮತ್ತು ಊಹಿಸುವ ಅಧಿಕಾರ ಮನೆಯವರಿಗಿರುವಷ್ಟು ಛಾಯಾಗ್ರಾಹಕಿಗಿಲ್ಲ. ಫ್ರೇರ್ ಪ್ರಶ್ನೆಯನ್ನು ಸರಿಯಾದ ಮನೆ ಬಾಗಿಲಿಗೆ ಒಯ್ದರು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ: 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ. ಸರ್ಕಾರದ ಯೋಜನೆಗಾಗಿ ತೆಗೆದದ್ದರಿಂದ ಅದು ಸಾರ್ವಜನಿಕರ ಸ್ವತ್ತಾಯಿತು, ಯಾರು ಬೇಕಾದರೂ ಎಲ್ಲಿ ಬೇಕಾದರೂ ಅಚ್ಚು ಹಾಕಿದರು. ಚಿತ್ರದಲ್ಲಿದ್ದ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ದಶಕಗಳ ನಂತರ ಬಾಯಿಬಿಟ್ಟು, ಅದರಿಂದ ತನಗೆ ಬಿಡಿಗಾಸೂ ಬರಲಿಲ್ಲ ಎಂದು ನೊಂದುಕೊಂಡರು. ಆಕೆಯನ್ನು ಯಾರೂ ಕೇಳಿರಲಿಲ್ಲ.

ಬಣ್ಣದ ವಿಷಯಕ್ಕೆ ಬರುತ್ತೇನೆ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಇದೇ.

ಫ್ರೇರ್ ತೆಗೆದದ್ದು ಕಪ್ಪು-ಬಿಳುಪು. ಆ ದಿನಗಳಲ್ಲಿ ಗಂಭೀರ ಸುದ್ದಿಚಿತ್ರದ ಉಡುಗೆ ಅದು; ನೋಡಿದ ಕೂಡಲೇ ಇದು ಪತ್ರಿಕೆಯದು, ಇದು ನಡೆದದ್ದು ಎಂದು ಕಣ್ಣು ತೀರ್ಮಾನಿಸುತ್ತಿತ್ತು. ಕಾಲ್ಮನ್ ಗುಂಪಿಗೆ ಬೇಕಾಗಿದ್ದು ಆ ತೀರ್ಮಾನವನ್ನು ಕದಲಿಸುವುದು. ಚಿತ್ರ ಜಾಹೀರಾತಿನಂತೆ ಕಾಣಬೇಕು, ಅಂದರೆ ಬಣ್ಣ ಬೇಕು. ಆನ್ ರೋನಿ ಎಂಬ ಕಲಾವಿದೆ ಮುದ್ರಿತ ಪ್ರತಿಯ ಮೇಲೆ ಎಣ್ಣೆ ಬಣ್ಣದಿಂದ ಕೈಯಾರೆ ಬಣ್ಣ ಹಚ್ಚಿದರು. ಚರ್ಮ, ಹೊದಿಕೆ, ಬಟ್ಟೆ, ಗೋಡೆ ಒಂದೊಂದೂ ಕುಂಚದ ಕೆಲಸ. ಫಲಿತಾಂಶ ವಿಚಿತ್ರವಾಗಿದೆ. ಅದು ಬಣ್ಣದ ಫಿಲ್ಮಿನಲ್ಲಿ ತೆಗೆದಂತೆಯೂ ಕಾಣುವುದಿಲ್ಲ, ಹಳೆಯ ಚಿತ್ರಪಟದ ಹತ್ತಿರಕ್ಕೆ ಹೋಗುತ್ತದೆ. ಮೃತ ಕ್ರಿಸ್ತನನ್ನು ತೊಡೆಯ ಮೇಲೆ ಹೊತ್ತ ಮೇರಿಯ ಶಿಲ್ಪ ‘ಪಿಯೆತಾ’ದ ಹೋಲಿಕೆ ನೋಡಿದವರಿಗೆಲ್ಲ ಹೊಳೆಯಿತು, ತೊಸ್ಕಾನಿಯೂ ಆ ಹೋಲಿಕೆಯನ್ನೇ ಹಿಡಿದರು.

ಬಣ್ಣ ಹಚ್ಚಿದ್ದು ಸುಳ್ಳು ಹೇಳಿದಂತೆಯೆ? ಪತ್ರಿಕೆಯಲ್ಲಾಗಿದ್ದರೆ ನಾನು ಹಿಂದೆಮುಂದೆ ನೋಡದೆ ಹೌದೆನ್ನುತ್ತಿದ್ದೆ. ಜಾಹೀರಾತಿನ ಪುಟದಲ್ಲಿ ಉತ್ತರ ಅಷ್ಟು ಸುಲಭವಲ್ಲ, ಏಕೆಂದರೆ ಅಲ್ಲಿ ಓದುಗ ಸಾಕ್ಷ್ಯವನ್ನು ಎದುರು ನೋಡುವುದಿಲ್ಲ. ನನ್ನ ತಕರಾರು ಇನ್ನೊಂದು ಬದಲಾವಣೆಯ ಮೇಲೆ. ‘ಲೈಫ್’ನಲ್ಲಿ ಆ ಚಿತ್ರದ ಜೊತೆ ಹೆಸರಿತ್ತು, ರೋಗವಿತ್ತು, ಊರಿತ್ತು. ಜಾಹೀರಾತಿನಲ್ಲಿ ಅದೆಲ್ಲ ಹೋಯಿತು. ಇವನು ಯಾರು, ಏನಾಗಿದೆ, ಎಲ್ಲಿ ಎಂಬ ಯಾವ ಪ್ರಶ್ನೆಗೂ ಪುಟದಲ್ಲಿ ಉತ್ತರವಿಲ್ಲ. ಡಾಕ್ಯುಮೆಂಟರಿ ಚಿತ್ರವನ್ನು ಡಾಕ್ಯುಮೆಂಟರಿ ಮಾಡುವುದು ಅದರ ಕೆಳಗಿನ ನಾಲ್ಕು ಸಾಲು. ಬಣ್ಣ ಹಚ್ಚಿದ್ದಕ್ಕಿಂತ ಆ ಸಾಲುಗಳನ್ನು ಅಳಿಸಿದ್ದು ದೊಡ್ಡ ಬದಲಾವಣೆ, ಆದರೆ ಅಂದಿನ ಗದ್ದಲದಲ್ಲಿ ಬಣ್ಣಕ್ಕೆ ಸಿಕ್ಕ ಗಮನದಲ್ಲಿ ಅರ್ಧವೂ ಇದಕ್ಕೆ ಸಿಗಲಿಲ್ಲವೆಂದು ನನಗನ್ನಿಸುತ್ತದೆ.

ಗದ್ದಲ ಸಣ್ಣದೇನಲ್ಲ. ಬ್ರಿಟನ್‌ನಲ್ಲಿ ಏಡ್ಸ್ ಪೀಡಿತರ ನೆರವಿಗಿರುವ ಟೆರೆನ್ಸ್ ಹಿಗಿನ್ಸ್ ಟ್ರಸ್ಟ್ ಜಾಹೀರಾತನ್ನು ಖಂಡಿಸಿತು. ಅಲ್ಲಿನ ಕೆಲವು ಹೆಸರಾಂತ ಫ್ಯಾಷನ್ ಪತ್ರಿಕೆಗಳು ಅಚ್ಚು ಹಾಕಲು ಒಪ್ಪಲಿಲ್ಲ. ಕಂಪನಿಯ ಬಟ್ಟೆ ಕೊಳ್ಳಬೇಡಿ ಎಂಬ ಕರೆಗಳೂ ಬಂದವು. ಸಾವನ್ನು ಮಾರುತ್ತಿದ್ದಾರೆ ಎಂಬ ಬೈಗುಳ ಸಾಮಾನ್ಯವಾಗಿತ್ತು. ಅದರಲ್ಲಿ ಕೋಪವಿದೆ, ವಿಚಾರ ಕಡಿಮೆ. ರೋಗಿಗಳ ಪರ ಹೋರಾಡುತ್ತಿದ್ದವರ ದೂರು ಬೇರೆ ಮಟ್ಟದ್ದು. ಅವರು ಕೇಳಿದ್ದು: ಈ ಪುಟ ನೋಡಿ ಹೆದರಿದವನು ಯಾರಿಗೆ ಫೋನ್ ಮಾಡಬೇಕು? ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಎಲ್ಲಿದೆ? ಏಡ್ಸ್ ಎಂದರೆ ಮೂಳೆ ಚಕ್ಕಳವಾಗಿ ಸಾಯುವುದು ಎಂಬ ಒಂದೇ ಚಿತ್ರವನ್ನು ಎಷ್ಟು ಸಲ ತೋರಿಸುತ್ತೀರಿ?

ಈ ಕೊನೆಯ ಪ್ರಶ್ನೆ ಬೆನೆಟನ್‌ಗಿಂತ ಹಳೆಯದು. 1988ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿ ಛಾಯಾಗ್ರಾಹಕ ನಿಕೊಲಸ್ ನಿಕ್ಸನ್ ಅವರ ಚಿತ್ರಗಳ ಪ್ರದರ್ಶನ ನಡೆದಾಗ, ಅಲ್ಲಿದ್ದ ಏಡ್ಸ್ ರೋಗಿಗಳ ಭಾವಚಿತ್ರಗಳನ್ನು ವಿರೋಧಿಸಿ ಏಡ್ಸ್ ಹೋರಾಟಗಾರರ ಆಕ್ಟ್ ಅಪ್ ಸಂಘಟನೆಯವರು ಕರಪತ್ರ ಹಂಚಿದ್ದರು. ನಮ್ಮನ್ನು ನೋಡುವುದನ್ನು ನಿಲ್ಲಿಸಿ, ನಮ್ಮ ಮಾತು ಕೇಳಲು ಶುರುಮಾಡಿ ಎಂಬುದು ಅದರ ತಿರುಳು. ಅಲ್ಲಿ ಕಂಪನಿಯಿರಲಿಲ್ಲ, ಲಾಂಛನವಿರಲಿಲ್ಲ. ಅಪ್ಪಟ ಡಾಕ್ಯುಮೆಂಟರಿ ಕೆಲಸವೇ ಇತ್ತು. ಹಾಗಾಗಿ ಜಾಹೀರಾತು ಮುಟ್ಟಿದ್ದರಿಂದಲೇ ಒಳ್ಳೆಯ ಚಿತ್ರ ಕೆಟ್ಟಿತು ಎನ್ನುವವರ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚಿತ್ರದಲ್ಲಿ ಇಲ್ಲದ, ಆದರೆ ಚಿತ್ರ ಯಾರನ್ನು ಪ್ರತಿನಿಧಿಸುತ್ತದೋ ಆ ಸಾವಿರಾರು ಜನರ ಒಪ್ಪಿಗೆಯನ್ನು ಯಾವ ಛಾಯಾಗ್ರಾಹಕರೂ ಪಡೆಯಲಾರರು. ಕರ್ಬಿ ಮನೆಯವರು ಒಪ್ಪಬಹುದು. ಪಕ್ಕದ ಊರಿನಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಾ ಕೆಲಸಕ್ಕೆ ಹೋಗುತ್ತಿರುವವನು ಆ ಜಾಹೀರಾತಿನ ಬೀದಿ ಫಲಕದ ಕೆಳಗೆ ಬಸ್ಸಿಗೆ ಕಾಯುವಾಗ ಅವನಿಗೇನನ್ನಿಸಿತು ಎಂಬುದಕ್ಕೆ ಸಹಿ ಹಾಕಿಸುವ ಕಾಗದವಿಲ್ಲ. ಪತ್ರಿಕೆಯ ಓದುಗ ಪುಟ ತಿರುವುತ್ತಾನೆ. ಬೀದಿ ಫಲಕಕ್ಕೆ ಆ ಸೌಲಭ್ಯವಿಲ್ಲ, ಅದು ಪ್ರತಿದಿನ ಎದುರಾಗುತ್ತದೆ. ಜಾಹೀರಾತು ಸೇರಿಸಿದ ಹೊಸ ಭಾರ ಇದು.

ಕರ್ಬಿ ಜಾಹೀರಾತಿನ ಮುಂದಿನ ವರ್ಷ, 1993ರಲ್ಲಿ, ಕಂಪನಿ ಮನುಷ್ಯರ ಮೈಮೇಲೆ ‘ಎಚ್‌ಐವಿ ಪಾಸಿಟಿವ್’ ಎಂಬ ಮುದ್ರೆಯಿರುವ ಜಾಹೀರಾತು ತಂದಾಗ ವ್ಯಾಜ್ಯ ನ್ಯಾಯಾಲಯಕ್ಕೇ ಹೋಯಿತು. ಪ್ಯಾರಿಸಿನ ನ್ಯಾಯಾಲಯವೊಂದು 1995ರಲ್ಲಿ ಎಚ್‌ಐವಿ ಪೀಡಿತರಿಗೆ ಪರಿಹಾರ ಕೊಡಿಸಿತು. ಅದೇ ವರ್ಷ ಜರ್ಮನಿಯ ಫೆಡರಲ್ ನ್ಯಾಯಾಲಯ ಅಂಥ ಜಾಹೀರಾತು ಅನುಚಿತವೆಂದಿತು. 2000ದಲ್ಲಿ ಸಂವಿಧಾನ ನ್ಯಾಯಾಲಯ ಅಭಿವ್ಯಕ್ತಿ ಸ್ವಾತಂತ್ರ್ಯದ ಆಧಾರದ ಮೇಲೆ ಆ ತೀರ್ಪನ್ನು ತಳ್ಳಿಹಾಕಿತು. ಫೆಡರಲ್ ನ್ಯಾಯಾಲಯ ಮತ್ತೆ ತನ್ನ ಪಟ್ಟು ಹಿಡಿಯಿತು. 2003ರಲ್ಲಿ ಸಂವಿಧಾನ ನ್ಯಾಯಾಲಯ ಮತ್ತೊಮ್ಮೆ ಅದನ್ನೇ ಹೇಳಿತು. ಬಟ್ಟೆ ಮಾರುವ ಕಂಪನಿಗೂ ಸಮಾಜದ ನೋವಿನ ಬಗ್ಗೆ ಮಾತನಾಡುವ ಹಕ್ಕಿದೆ ಎಂಬಲ್ಲಿಗೆ ಜರ್ಮನಿಯ ಕಾನೂನು ಬಂದು ನಿಂತಿತು. ಹಕ್ಕಿದೆ, ಒಪ್ಪೋಣ. ಛಾಯಾಗ್ರಾಹಕರ ಎದುರಿರುವ ಪ್ರಶ್ನೆ ಆ ಮಾತಿಗೆ ತಮ್ಮ ಚಿತ್ರವನ್ನು ಯಾವ ಕರಾರಿನ ಮೇಲೆ ಕೊಡಬೇಕು ಎಂಬುದು.

ಜಾಹೀರಾತನ್ನೇ ಮುಟ್ಟಬಾರದು ಎಂಬ ಮಡಿವಂತಿಕೆಗೆ ಈ ವೃತ್ತಿಯ ಇತಿಹಾಸ ಬೆಂಬಲ ಕೊಡುವುದಿಲ್ಲ. ಚರಕದ ಬಳಿ ಕುಳಿತ ಗಾಂಧೀಜಿಯ ಚಿತ್ರವನ್ನು 1946ರಲ್ಲಿ ತೆಗೆದ ಮಾರ್ಗರೆಟ್ ಬರ್ಕ್-ವೈಟ್ ಹೆಸರು ಮಾಡಿದ್ದು ಕ್ಲೀವ್‌ಲ್ಯಾಂಡಿನ ಉಕ್ಕಿನ ಕಾರ್ಖಾನೆಯ ಚಿತ್ರಗಳಿಂದ; ಟೈರಿನ ಜಾಹೀರಾತಿಗೂ ಅವರು ಚಿತ್ರ ತೆಗೆದಿದ್ದರು. ಸುದ್ದಿ ಛಾಯಾಗ್ರಾಹಕರೇ ಕಟ್ಟಿಕೊಂಡ ಮ್ಯಾಗ್ನಮ್ ಸಂಸ್ಥೆಯ ಸದಸ್ಯರು ಕಂಪನಿಗಳ ಕೆಲಸ ಮಾಡಿಯೇ ತಮ್ಮ ದೀರ್ಘಾವಧಿ ಯೋಜನೆಗಳಿಗೆ ದಾರಿ ಮಾಡಿಕೊಂಡಿದ್ದಾರೆ. ಟೈರಿಗೆ ಮುಖವಿಲ್ಲ, ಅಷ್ಟೇ ವ್ಯತ್ಯಾಸ. ಹೊಸದಾಗಿ ಜಾಹೀರಾತಿಗೆಂದೇ ಚಿತ್ರ ತೆಗೆಯುವಾಗ ಎದುರಿಗೆ ನಿಂತವರಿಗೆ ತಾವು ಯಾವುದಕ್ಕೆ ನಿಂತಿದ್ದೇವೆ ಎಂದು ಗೊತ್ತಿರುತ್ತದೆ. ತೊಡಕು ಬರುವುದು ಬೇರೊಂದು ಭರವಸೆಯ ಮೇಲೆ ತೆಗೆದ ಚಿತ್ರ ಪೆಟ್ಟಿಗೆಯಿಂದ ಎದ್ದು ಜಾಹೀರಾತಿಗೆ ಹೊರಟಾಗ.

ಆಗ ಛಾಯಾಗ್ರಾಹಕರ ಕೈಯಲ್ಲಿ ಉಳಿಯುವ ನಿಜವಾದ ಆಯುಧ ಪರವಾನಗಿ ಪತ್ರವೊಂದೇ. ಕೃತಿಯನ್ನು ವಿಕಾರಗೊಳಿಸಬಾರದು ಎಂಬ ನೈತಿಕ ಹಕ್ಕು, ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದಲ್ಲಿದೆ. ಅಮೆರಿಕ 1989ರಲ್ಲಿ ಆ ಒಪ್ಪಂದಕ್ಕೆ ಸೇರಿದರೂ ಅಲ್ಲಿನ 1990ರ ಕಾಯ್ದೆ ಛಾಯಾಚಿತ್ರಗಳ ಮಟ್ಟಿಗೆ ಆ ರಕ್ಷಣೆ ಕೊಟ್ಟಿದ್ದು ಪ್ರದರ್ಶನಕ್ಕೆಂದು ಮಾಡಿದ, ಸಹಿ ಹಾಕಿದ, 200ಕ್ಕೆ ಮೀರದ ಪ್ರತಿಗಳಿಗೆ ಮಾತ್ರ. ಪತ್ರಿಕೆಯಲ್ಲಿ ಅಚ್ಚಾಗುವ ಜಾಹೀರಾತಿಗೆ ಅದು ತಲುಪುವುದೇ ಇಲ್ಲ. ಆದ್ದರಿಂದ ಬಣ್ಣ ಹಚ್ಚಬಹುದೆ, ಕತ್ತರಿಸಬಹುದೆ, ಯಾವ ದೇಶದಲ್ಲಿ, ಎಷ್ಟು ಕಾಲ, ಪತ್ರಿಕೆಯಲ್ಲಷ್ಟೇ ಅಥವಾ ಬೀದಿಯಲ್ಲೂ ಎಂಬುದನ್ನೆಲ್ಲ ಕಾಗದದಲ್ಲೇ ಬರೆಯಬೇಕು. ಕರ್ಬಿಯದ್ದರಂಥ ಚಿತ್ರಕ್ಕೆ ನಾನು ಇವೆಲ್ಲಕ್ಕಿಂತ ಮೇಲೆ ಇಡುವ ಕರಾರು ಬೇರೆ: ಪುಟದಲ್ಲಿ ಚಿತ್ರದ ಪಕ್ಕ ಏನಿರಬೇಕು ಎಂಬುದು. ಅವನ ಹೆಸರು, ರೋಗದ ಬಗ್ಗೆ ಒಂದು ಸಾಲು, ಸಹಾಯವಾಣಿಯ ಸಂಖ್ಯೆ. ಕಂಪನಿಗೆ ಇದು ಆಗದ ಕೆಲಸವೇನಲ್ಲ. 1993ರ ಡಿಸೆಂಬರ್ 1ರಂದು ಅದೇ ಬೆನೆಟನ್ ಆಕ್ಟ್ ಅಪ್‌ನ ಪ್ಯಾರಿಸ್ ಘಟಕದ ಜೊತೆ ಸೇರಿ ಅಲ್ಲಿನ ಕಾಂಕಾರ್ಡ್ ಚೌಕದ ಕಲ್ಲುಕಂಬಕ್ಕೆ ಬೃಹತ್ ಗಾತ್ರದ ಕಾಂಡೋಮ್ ತೊಡಿಸಿತು. ಏನು ಮಾಡಬೇಕೆಂದು ಅದಕ್ಕಿಂತ ನೇರವಾಗಿ ಹೇಳುವುದು ಸಾಧ್ಯವಿಲ್ಲ.

ಕುಟುಂಬ ಒಪ್ಪಿದ ಮೇಲೆ ಕಂಪನಿಯ ಜೊತೆ ಈ ಚೌಕಾಸಿ ಮಾಡುವ ಹೊಣೆ ಛಾಯಾಗ್ರಾಹಕರದ್ದೇ. ಶೋಕದಲ್ಲಿರುವ ತಂದೆ-ತಾಯಿಗೆ ಮುದ್ರಣದ ವಿವರಗಳನ್ನು ಕೇಳಬೇಕೆಂದು ಹೊಳೆಯುವುದಿಲ್ಲ, ವೃತ್ತಿಯಲ್ಲಿರುವವರಿಗೆ ಹೊಳೆಯಬೇಕು. ನಾವೇ ಅವರನ್ನು ಬಳಸಿಕೊಂಡೆವು ಎಂದು ಕರ್ಬಿಯ ಹೆತ್ತವರು ಹೇಳಿದರೆ ಅದು ಅವರ ಹಕ್ಕು, ನನಗೆ ಅದರಲ್ಲಿ ಗೌರವವಿದೆ. ಅದೇ ಮಾತನ್ನು ಛಾಯಾಗ್ರಾಹಕರು ಎರವಲು ಪಡೆದು ತಮ್ಮ ಸಮರ್ಥನೆಗೆ ಬಳಸಿದರೆ ನಾನು ಒಪ್ಪುವುದಿಲ್ಲ. ಫ್ರೇರ್ ಆ ಎರವಲಿಗೆ ಹೋಗದೆ ಹೆತ್ತವರ ಮಾತನ್ನು ಹೆತ್ತವರದ್ದೆಂದೇ ಹೇಳುತ್ತಾರೆ.

ಉಳಿದದ್ದು ಆ ಚಿಕ್ಕ ಹುಡುಗಿಯ ವಿಷಯ. ಮಕ್ಕಳ ಪರವಾಗಿ ಹಿರಿಯರು ಸಹಿ ಹಾಕುತ್ತಾರೆ, ಕಾನೂನಿಗೆ ಅಷ್ಟು ಸಾಕು. ಆದರೆ ಜಾಹೀರಾತು ಚಿತ್ರಗಳು ಒಂದು ಋತುವಿಗೆ ಮುಗಿಯುವುದಿಲ್ಲ. ವಿನ್ಯಾಸದ ಪುಸ್ತಕಗಳಲ್ಲಿ, ಪ್ರದರ್ಶನಗಳಲ್ಲಿ, ಕಂಪನಿಯ ಹಳೆಯ ಪ್ರಚಾರಗಳ ಪಟ್ಟಿಗಳಲ್ಲಿ ದಶಕಗಳ ಕಾಲ ಮರಳಿ ಬರುತ್ತವೆ, ಮತ್ತು ಆ ಹೊತ್ತಿಗೆ ಮಗು ದೊಡ್ಡವಳಾಗಿರುತ್ತಾಳೆ. ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಅವಳನ್ನೇ ಮತ್ತೆ ಕೇಳತಕ್ಕದ್ದು, ಬೇಡವೆಂದರೆ ಕಂಪನಿ ಮುಂದಿನ ಮುದ್ರಣಗಳಿಂದ ಚಿತ್ರವನ್ನು ತೆಗೆಯತಕ್ಕದ್ದು ಎಂಬ ಒಂದು ಸಾಲನ್ನು ನಾನು ಇಂಥ ಪ್ರತಿ ಪರವಾನಗಿಯಲ್ಲೂ ಸೇರಿಸಲು ಹೇಳುತ್ತೇನೆ. ಕಂಪನಿಯ ವಕೀಲರು ಮುಖ ಸಿಂಡರಿಸುತ್ತಾರೆ, ಅವರಿಗೆ ಬೇಕಾಗಿರುವುದು ಒಂದೇ ಸಲಕ್ಕೆ ಮುಗಿಯುವ ಸಹಿ. ಅವರು ಒಪ್ಪದಿದ್ದರೆ ಪರವಾನಗಿಯನ್ನು ಒಂದೇ ಪ್ರಚಾರಕ್ಕೆ, ಒಂದೇ ವರ್ಷಕ್ಕೆ ಸೀಮಿತಗೊಳಿಸಿ, ಪ್ರತಿ ಮರುಮುದ್ರಣಕ್ಕೂ ಹೊಸ ಅರ್ಜಿ ಹಾಕಬೇಕೆಂದು ಬರೆಯಿಸಿಕೊಳ್ಳಬಹುದು.